ನಾಲ್ಕನೇ ಸಂಚಿಕೆ, ಹನ್ನೊಂದನೇ ಪುಟ

ರಾತ್ರಿ ಒಂದೂವರೆಯ ಹೊತ್ತಿಗೆ ಮುಂದಿನ ಕೋಣೆಯಲ್ಲಿ ಟಿಣ್ ಎಂದಿತು. ಸೂಜಿ ಬಿದ್ದಷ್ಟೇ ಸದ್ದು. ನಿದ್ದೆ ಬಾರದೆ ಹೊರಳುತ್ತಿದ್ದ ಅವಳಿಗೆ ಅದೇನೆಂದು ತಕ್ಷಣ ಗೊತ್ತಾಯಿತು. ಎದ್ದು ದೀಪ ಹಾಕಿದಳು. ಮೇಜಿನ ಮೇಲೆ ಅರ್ಧ ತೆರೆದಿಟ್ಟಿದ್ದ ಮೂರನೇ ಸಂಚಿಕೆಯ ನಡುವಿನ ಪಿನ್ನು ತುಕ್ಕು ತಿಂದು ಮುರಿದು ನೆಲಕ್ಕೆ ಬಿದ್ದಿತ್ತು. ಹಾಳೆಗಳು ಫ್ಯಾನಿನ ಗಾಳಿಗೆ ಒಂದೊಂದಾಗಿ ಬಿಡಿಯಾಗುತ್ತಿದ್ದವು. ಅವನ್ನು ಜೋಡಿಸಿಟ್ಟು ಹಾಗೇ ಕುರ್ಚಿಯಲ್ಲಿ ಕೂತಳು. ನಲವತ್ತೊಂದು ವರ್ಷದ ಹಿಂದಿನ ಕಾಗದ. ಮಾಸಿದ ಕೆಂಪು ಬಟ್ಟೆಯ, ಚೌಕ ದವಡೆಯ ಸಿಡಿಲಾಳು ಮುಖಪುಟದಿಂದ ಮುಷ್ಟಿ ಮುಂದೆ ಮಾಡಿಕೊಂಡು ಅವಳ ಕಡೆಗೇ ಹಾರಿ ಬರುತ್ತಿದ್ದ. ಒಂದು ಕಾಲದಲ್ಲಿ ಪ್ರತಿ ತಿಂಗಳ ಮೊದಲ ಶನಿವಾರ ಈ ಚಿತ್ರಕತೆಯ ಪುಸ್ತಕಕ್ಕಾಗಿ ಅಂಗಡಿಗಳ ಮುಂದೆ ಸಾಲು ನಿಲ್ಲುತ್ತಿತ್ತು. ಚಿತ್ರ, ಕತೆ ಎರಡೂ ಅವಳ ಅಣ್ಣನದು. ಮಾತಿನ ಬಲೂನುಗಳೊಳಗಿನ ಅಕ್ಷರ ಅವಳದು. ಹಾಗೆಂದು ಪುಸ್ತಕದಲ್ಲಿ ಎಲ್ಲಿಯೂ ಬರೆದಿಲ್ಲ. ಈಗ ಮೊದಲ ಹನ್ನೆರಡು ಸಂಚಿಕೆಗಳನ್ನು ಸೇರಿಸಿ ದಪ್ಪ ರಟ್ಟಿನ ಒಂದೇ ಪುಸ್ತಕ ತರುತ್ತಿದ್ದಾರೆ. ಮಾಸಿದ ಅಕ್ಷರಗಳನ್ನು ತಿದ್ದಿ ಕೊಡಲು ಪ್ರಕಾಶನದವರು ಅವಳನ್ನು ಹುಡುಕಿಕೊಂಡು ಬಂದಾಗ ಅವಳಿಗೆ ಸಂತೋಷವಾಗಿತ್ತು. ಸಂತೋಷವಾಯಿತಲ್ಲ ಎಂದು ಮರುದಿನವೇ ತನ್ನ ಮೇಲೆ ಸಿಟ್ಟೂ ಬಂದಿತ್ತು. ಮನೆಗೆ ತಂದ ಕಟ್ಟಿನಲ್ಲಿ ಒಂದು, ಎರಡು, ಮೂರು ಓದಿದ್ದಳು. ನಾಲ್ಕನ್ನು ಎತ್ತಿ ಎಲ್ಲದರ ಕೆಳಗೆ ಇಟ್ಟಿದ್ದಳು.

ಓದಿದಾಗ ಗೊತ್ತಾದದ್ದು, ಮೊದಲ ಮೂರು ಸಂಚಿಕೆಗಳಲ್ಲಿ ಸಿಡಿಲಾಳು ನಿಜಕ್ಕೂ ಪೆದ್ದನಂತಿದ್ದ ಎಂಬುದು. ಹಗಲಲ್ಲಿ ಅವನು ಹನ್ನೆರಡು ಅಂತಸ್ತಿನ ಕಟ್ಟಡವೊಂದರಲ್ಲಿ ಲಿಫ್ಟು ನಡೆಸುವವನು. ಮೇಲೆ ಹೋಗುವುದು, ಕೆಳಗೆ ಬರುವುದು, ಯಾರದೋ ಬೈಗುಳ ಕೇಳುವುದು. ಸಂಜೆಯಾದರೆ ಹಾರುತ್ತಾನೆ. ಯಾಕೆ ಹಾರುತ್ತಾನೆ, ಯಾವಾಗ ಹಾರಲಾರ ಎಂಬುದಕ್ಕೆ ಲೆಕ್ಕಾಚಾರವೇ ಇರಲಿಲ್ಲ. ಎರಡನೇ ಸಂಚಿಕೆಯಲ್ಲಿ ರೈಲನ್ನೇ ಎತ್ತುವವನು ಮೂರನೆಯದರಲ್ಲಿ ಒಂದು ಬಾಗಿಲು ಮುರಿಯಲು ಏದುಸಿರು ಬಿಡುತ್ತಾನೆ. ಅಣ್ಣ ಪೆನ್ಸಿಲು ಕಚ್ಚಿಕೊಂಡು ಕೋಣೆಯಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದದ್ದು ನೆನಪಾಯಿತು. "ಇವನಿಗೆ ಒಂದು ಕೀಲಿ ಬೇಕು ಕಣೇ ಗುಬ್ಬಿ. ಒಂದು ಕೀಲಿ ಸಿಕ್ಕಿದ್ರೆ ಇವನು ನೂರು ಸಂಚಿಕೆ ಓಡ್ತಾನೆ." ಅವಳು ಆಗ ಇಪ್ಪತ್ತರ ಕಾಲೇಜು ಹುಡುಗಿ. ಕಿಟಕಿಯ ಪಕ್ಕದ ಮಣೆಯ ಮುಂದೆ ಕೂತು ಬಿಳಿ ಹಾಳೆಯ ಪಟ್ಟಿಗಳ ಮೇಲೆ ನೀಲಿ ಪೆನ್ಸಿಲಿನಲ್ಲಿ ಗೆರೆ ಹಾಕಿಕೊಂಡು, ನಿಬ್ಬು ಅದ್ದಿ ಅದ್ದಿ ಮಾತು ಬರೆಯುತ್ತಿದ್ದಳು. ಅಣ್ಣ ಚಿತ್ರ ಬಿಡಿಸುತ್ತಿದ್ದ ರಟ್ಟನ್ನು ಅವಳು ಮುಟ್ಟುವಂತಿರಲಿಲ್ಲ, ಕೈಬೆವರು ತಗಲುತ್ತದೆಂದು. ಬಲೂನಿನ ಅಳತೆಯನ್ನು ಅಣ್ಣ ಒಂದು ಚೀಟಿಯಲ್ಲಿ ಬರೆದು ಕೊಡುವನು. ಅವಳು ಅಷ್ಟಕ್ಕೆ ಹೊಂದಿಸಿ ಬರೆದು ಕತ್ತರಿಸಿ ಕೊಡಬೇಕು. ಅವನೇ ಗೋಂದು ಹಚ್ಚಿ ಅಂಟಿಸುವನು. ಕೀಲಿ ನಾಲ್ಕನೇ ಸಂಚಿಕೆಯಲ್ಲಿ ಸಿಕ್ಕಿತು. ಯಾರಾದರೂ "ಕಾಪಾಡಿ" ಎಂದು ಕೂಗಿದರೆ ಮಾತ್ರ ಸಿಡಿಲಾಳಿಗೆ ಶಕ್ತಿ ಬರುತ್ತದೆ. ಕೂಗದಿದ್ದರೆ ಅವನು ಬರೀ ಲಿಫ್ಟಿನವನು. ಮುಂದೆ ನೂರಾ ಎಂಬತ್ತು ಸಂಚಿಕೆ ಅದರ ಮೇಲೆಯೇ ಓಡಿದವು.

ಬೆಳಿಗ್ಗೆ ಹತ್ತಕ್ಕೆಲ್ಲ ಅವಳು ಪ್ರಕಾಶನದ ಮೂರನೇ ಮಹಡಿಯಲ್ಲಿದ್ದಳು. ಉದ್ದನೆಯ ಮೇಜು, ಅದರ ಮೇಲೆ ಬಗ್ಗಿಸಬಹುದಾದ ದೀಪ, ಕಿಟಕಿಗೆ ಬಿಸಿಲು ತಾಗದಂತೆ ಕಟ್ಟಿದ ದಪ್ಪ ಬಟ್ಟೆ. ಅಣ್ಣ ಇಷ್ಟು ವರ್ಷ ತನ್ನ ಮನೆಯ ಕಬ್ಬಿಣದ ಪೆಟ್ಟಿಗೆಯಲ್ಲಿಟ್ಟುಕೊಂಡಿದ್ದ ಮೂಲ ರಟ್ಟುಗಳು ಅಲ್ಲಿ ಸಂಚಿಕೆವಾರು ಜೋಡಿಸಿದ್ದವು. ಅವುಗಳನ್ನು ಅವಳು ಬರಿಗೈಯಲ್ಲಿ ಮುಟ್ಟುತ್ತಿರುವುದು ಈಗಲೇ ಮೊದಲು. ಪುಸ್ತಕದ ಹೊಣೆ ಹೊತ್ತ ಸಂಪಾದಕಿಗೆ ಮೂವತ್ತು ತುಂಬಿರಲಿಕ್ಕಿಲ್ಲ. ಒಳ್ಳೆಯ ಹುಡುಗಿ; ಮಾತಿಗೆ ಮುಂಚೆ ನಗು, ನಗುವಿಗೆ ಮುಂಚೆ ಕೈ. ನಿನ್ನೆ ಎರಡನೇ ಸಂಚಿಕೆಯ ಒಂದು ಬಲೂನಿನ ಅಂಚು ಎದ್ದಿತ್ತು. ಕೆಳಗೆ ಅಣ್ಣ ಅಳಿಸಿ ಬಿಟ್ಟ ಪೆನ್ಸಿಲಿನ ಒಂದು ಕೈ ಇತ್ತು, ಆರು ಬೆರಳಿನದು. ಹುಡುಗಿ ಕುಣಿದೇಬಿಟ್ಟಿದ್ದಳು.

"ಮೇಡಂ, ಇದು ಚಿನ್ನ! ಯಾರೂ ನೋಡಿಲ್ಲ ಇದನ್ನ. ನಾನು ಇದನ್ನ ಇಡೀ ಪುಟಕ್ಕೆ ಹಾಕಿಸ್ತೀನಿ. ನೋಡಿ, ಎಷ್ಟು ಒದ್ದಾಡಿದಾರೆ ಅವರು ಒಂದು ಕೈಗೋಸ್ಕರ!"

"ಬೆರಳು ಲೆಕ್ಕ ತಪ್ಪಿದಾನೆ ಅಷ್ಟೇ," ಎಂದಿದ್ದಳು ಇವಳು.

"ಅಯ್ಯೋ, ನಿಮ್ಮ ಅಣ್ಣನ್ನ ನೀವು ಅಣ್ಣ ಅಂತಲೇ ನೋಡ್ತೀರ ಬಿಡಿ."

ಇವತ್ತು ಹುಡುಗಿ ನಾಲ್ಕು ಹಾಳೆ ತಂದು ಮುಂದಿಟ್ಟಳು. ಅಣ್ಣನ ಮುನ್ನುಡಿ. "ಕಾಗುಣಿತ ಒಂಚೂರು ನೋಡಿಬಿಡಿ ಮೇಡಂ. ನಿಮ್ಮಷ್ಟು ಚೆನ್ನಾಗಿ ಇಲ್ಲಿ ಯಾರಿಗೂ ಬರಲ್ಲ. ಆಮೇಲೆ ಈ ಒಪ್ಪಿಗೆ ಪತ್ರಕ್ಕೆ ಒಂದು ಸಹಿ. ಅಕ್ಷರ ನಿಮ್ಮದು ಅಂತ ಈಗ ಎಲ್ಲರಿಗೂ ಗೊತ್ತಾಗಿದೆಯಲ್ಲ, ನೀವು ಒಪ್ಪದೆ ಅಚ್ಚು ಹಾಕೋ ಹಾಗಿಲ್ಲವಂತೆ." ಗೊತ್ತಾಗಿದ್ದು ಹೇಗೆಂದರೆ, ಎಂಟು ವರ್ಷದ ಹಿಂದೆ ಯಾರೋ ಒಬ್ಬ ವಿಮರ್ಶಕ ಸಿಡಿಲಾಳಿನ ಕುರಿತು ಬರೆದ ದೊಡ್ಡ ಪುಸ್ತಕದಲ್ಲಿ ಒಂದು ಅಡಿಟಿಪ್ಪಣಿ ಇತ್ತು: ಆರಂಭದ ಸಂಚಿಕೆಗಳ ಅಕ್ಷರ ಬರೆದವರು ಕಲಾವಿದರ ತಂಗಿ, ಅನುಭವವಿಲ್ಲದ ಕೈ, ಉದಾಹರಣೆಗೆ ನಾಲ್ಕನೇ ಸಂಚಿಕೆಯ ಹನ್ನೊಂದನೇ ಪುಟದಲ್ಲಿ ಎರಡು ಪದಕ್ಕೆ ಅಂಗೈಯಗಲದ ಬಲೂನು ಮಾಡಿ ಒಂದು ಶ್ರೇಷ್ಠ ಚಿತ್ರದ ಮೂರನೇ ಒಂದು ಭಾಗವನ್ನೇ ಮುಚ್ಚಿದ್ದಾರೆ. ಅದನ್ನು ಓದಿದ ದಿನ ಅವಳು ಕೆಲಸ ಮಾಡುತ್ತಿದ್ದ ಪಠ್ಯಪುಸ್ತಕದ ಅಚ್ಚುಕೂಟದಲ್ಲಿ ಕರಡು ತಿದ್ದುವ ಕೆಂಪು ಪೆನ್ನನ್ನು ಮೇಜಿಗೆ ಒತ್ತಿ ಒತ್ತಿ ಮುಳ್ಳು ಬಗ್ಗಿಸಿಬಿಟ್ಟಿದ್ದಳು. ಆ ಅಳತೆ ಅವಳದಲ್ಲ. ಚೀಟಿಯಲ್ಲಿ ಅಣ್ಣ ಬರೆದು ಕೊಟ್ಟದ್ದು. ಇಷ್ಟು ದೊಡ್ಡದೇಕೆ, ಸುತ್ತ ಬಿಳಿ ಉಳಿಯುತ್ತದಲ್ಲ ಎಂದು ಅವಳು ಕೇಳಿಯೂ ಇದ್ದಳು. "ಹೇಳಿದಷ್ಟು ಮಾಡೇ, ಕೂಗು ಅಂದ್ರೆ ದೊಡ್ಡದಾಗೇ ಇರಬೇಕು," ಎಂದಿದ್ದ. ಆ ಎರಡು ಪದಕ್ಕೆ ಅವಳು ಹದಿಮೂರು ಪಟ್ಟಿ ಕೆಡಿಸಿದ್ದಳು. "ಕಾಪಾಡಿ! ಕಾಪಾಡಿ!" ಹದಿನಾಲ್ಕನೆಯದರಲ್ಲಿ ಪಾ ಅಕ್ಷರದ ಹೊಟ್ಟೆ ಎಷ್ಟು ದುಂಡಗೆ ಬಂದಿತ್ತೆಂದರೆ, ಅದನ್ನು ದೂರ ಹಿಡಿದು ನೋಡಿ ಹೆಮ್ಮೆಪಟ್ಟಿದ್ದಳು. ಯೋಚಿಸಿದರೆ ಈಗಲೂ ಕಿವಿ ಬಿಸಿಯಾಗುವುದು ಆ ಹೆಮ್ಮೆಗೇ.

ಮುನ್ನುಡಿಯಲ್ಲಿ ಕಾಗುಣಿತ ತಪ್ಪಿರಲಿಲ್ಲ. ಎರಡನೇ ಹಾಳೆಯ ಕೊನೆಗೆ ಹೀಗಿತ್ತು: "ನಾಲ್ಕನೇ ಸಂಚಿಕೆ ಹುಟ್ಟಿದ್ದು ನನ್ನ ಬದುಕಿನ ಒಂದು ಸಂಜೆಯಿಂದ. ಅಂಚೆಕಚೇರಿಯ ಹಿಂದಿನ ಓಣಿಯಲ್ಲಿ ಒಬ್ಬ ಪುಂಡ ನನ್ನ ತಂಗಿಯನ್ನು ಅಡ್ಡಗಟ್ಟಿದ್ದ. ಅವಳು ಕಾಪಾಡಿ ಎಂದು ಕೂಗಿದ್ದು ಕಿವಿಗೆ ಬಿದ್ದ ಕ್ಷಣ, ನನ್ನಂಥ ಬಡಕಲನ ಮೈಯಲ್ಲಿ ಎಲ್ಲಿಂದ ಬಂತೋ ಅಷ್ಟು ಬಲ, ನಾನು ಓಡಿದೆ. ಅಂದು ಸಿಡಿಲಾಳು ನಾನೇ ಆಗಿದ್ದೆ."

ಅವಳು ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ಓದಿದಳು. ನಾನೇ ಆಗಿದ್ದೆ. ಇಂಥ ಸಾಲನ್ನು ಬರೆದು, ಕಾಗುಣಿತ ನೋಡಲು ಅವಳಿಗೇ ಕಳಿಸಿದ್ದಾನೆ. ಓಣಿಯಲ್ಲಿ ಅಂದು ದೀಪ ಇನ್ನೂ ಹತ್ತಿರಲಿಲ್ಲ. ಕೈಚೀಲದಲ್ಲಿ ಹೊಸ ಇಂಕಿನ ಬಾಟಲಿ ಇತ್ತು, ಅಣ್ಣನಿಗೇ ತಂದದ್ದು. ಆ ಮನುಷ್ಯ ಚೀಲದ ಪಟ್ಟಿ ಹಿಡಿದೆಳೆದ, ಆಮೇಲೆ ಜಡೆ ಹಿಡಿದ. ಅವನ ಹೆಬ್ಬೆರಳಿಗೆ ಉಗುರೇ ಇರಲಿಲ್ಲ. ಅದನ್ನು ಅವಳು ಇಷ್ಟು ವರ್ಷ ಯಾರಿಗೂ ಹೇಳದಿದ್ದರೂ ಮರೆತಿಲ್ಲ. ಹತ್ತು ಹೆಜ್ಜೆ ಆಚೆ ಪತ್ರಿಕೆ ಅಂಗಡಿಯ ಪಕ್ಕದಲ್ಲಿ ಅಣ್ಣ ನಿಂತಿದ್ದ, ಕೈಯಲ್ಲಿ ಬಿಡಿಸಿ ಹಿಡಿದ ಪತ್ರಿಕೆ. ಅವಳು ಕಾಪಾಡಿ ಎನ್ನಲಿಲ್ಲ. ಕೂಗಲೂ ಇಲ್ಲ. ಅಣ್ಣಾ ಎಂದಳು, ಒಂದೇ ಸಲ, ಮನೆಯಲ್ಲಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಕರೆಯುವಷ್ಟು ದನಿಯಲ್ಲಿ. ಪತ್ರಿಕೆ ಅಲುಗಾಡಿತು. ಅಥವಾ ಗಾಳಿಗೆ ಅಲುಗಾಡಿತೋ. ಇಳಿಯಲಿಲ್ಲ. ಆಮೇಲೆ ಅವಳು ಬಾಟಲಿಯನ್ನು ಚೀಲ ಸಮೇತ ಆ ಮನುಷ್ಯನ ಮುಖಕ್ಕೆ ಅಪ್ಪಳಿಸಿದಳು, "ಹತ್ತಿರ ಬಂದ್ರೆ ಕಣ್ಣು ಕಿತ್ತುಬಿಡ್ತೀನಿ" ಎಂದಳು, ಅದು ತನ್ನ ದನಿಯೆಂದು ತನಗೇ ಗುರುತು ಹತ್ತದ ದನಿಯಲ್ಲಿ. ಅವನು ಓಡಿದ. ಅಣ್ಣ ಬಂದದ್ದು ಅವನು ಮೂಲೆ ತಿರುಗಿದ ಮೇಲೆ. ಮೊದಲ ಮಾತು, "ಏನಾಯ್ತೇ?" ಎರಡನೆಯದು, "ಅಯ್ಯೋ, ಅಷ್ಟೂ ಇಂಕು ಹೋಯ್ತಾ?" ಮನೆಯಲ್ಲಿ ಅಮ್ಮನಿಗೆ ತಾನು ಓಡಿಸಿದೆನೆಂದ. ಅಮ್ಮ ಅವನ ತಲೆ ಸವರಿದಳು. ಇವಳು ಇಂಕು ಅಂಟಿದ ಬಟ್ಟೆ ಒಗೆಯುತ್ತ ಸುಮ್ಮನಿದ್ದಳು. ಅವನಿಗೆ ಕೇಳಿಸಿರಲಿಕ್ಕಿಲ್ಲ, ದನಿ ಸಣ್ಣದಿತ್ತು, ತಪ್ಪು ನನ್ನದೇ, ಜೋರಾಗಿ ಕರೆಯಬೇಕಿತ್ತು. ಆ 'ಕೇಳಿಸಿರಲಿಕ್ಕಿಲ್ಲ'ವನ್ನು ಅವಳು ನಲವತ್ತೊಂದು ವರ್ಷ ಜೋಪಾನ ಮಾಡಿದ್ದಳು. ಅವನ ಮದುವೆಯಲ್ಲಿ ಓಡಾಡಿದ್ದು, ಅತ್ತಿಗೆಯ ಬಾಣಂತನ ಮಾಡಿದ್ದು, ಅವನಿಗೆ ಪ್ರಶಸ್ತಿ ಬಂದಾಗಲೆಲ್ಲ ಮುಂದಿನ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟಿದ್ದು, ಎಲ್ಲವೂ ಅದರ ಮೇಲೆ ನಿಂತಿತ್ತು.

ಮೆಟ್ಟಿಲ ಬಳಿ ಹೋಗಿ ಫೋನು ಮಾಡಿದಳು. ಅತ್ತಿಗೆ ಎತ್ತಿ ಅವನಿಗೆ ಕೊಟ್ಟಳು.

"ಹೇಳೇ ಗುಬ್ಬಿ. ಕೆಲಸ ಹೇಗಿದೆ? ನಿನ್ನ ಕೈ ನಡುಗ್ತಾ ಇಲ್ಲ ತಾನೇ? ನಂದು ಈಗ ಚಮಚಾನೂ ಹಿಡಿಯಲ್ಲ."

"ಮುನ್ನುಡಿ ಓದಿದೆ."

"ಚೆನ್ನಾಗಿದೆಯಾ?"

"ಓಣಿಯ ಮಾತು ತೆಗಿ ಅಣ್ಣ."

"ಯಾಕೆ? ನಿನ್ನ ಹೆಸರು ಹಾಕಿಲ್ವಲ್ಲ, ತಂಗಿ ಅಂತ ಅಷ್ಟೇ ಬರೆದಿದೀನಿ."

"ನಾನು ಕಾಪಾಡಿ ಅನ್ನಲಿಲ್ಲ. ನೀನು ಓಡಿ ಬರಲೂ ಇಲ್ಲ."

"ಅಯ್ಯೋ ಹುಚ್ಚಿ!" ಅವನು ನಕ್ಕ. ವೇದಿಕೆಯ ಮೇಲೆ ಪ್ರಶ್ನೆ ಕೇಳುವ ಎಳೆಯರಿಗೆ ಉತ್ತರಿಸುವಾಗಿನ ನಗು. "ನೀನು ಅವತ್ತು ಗಾಬರಿಯಾಗಿದ್ದೆ ಕಣೇ. ಗಾಬರಿಯಲ್ಲಿ ಏನು ನೆನಪಿರುತ್ತೆ? ನಾನೇ ನಿನ್ನ ಕೈ ಹಿಡ್ಕೊಂಡು ಮನೆಗೆ ಕರ್ಕೊಂಡು ಬಂದೆ, ಅದೂ ಮರೆತುಹೋಯ್ತಾ?"

ಕೈ ಹಿಡಿದು ಕರೆತಂದದ್ದು ನಿಜ. ಅದೇ ಅವಳ ಬಾಯಿ ಕಟ್ಟಿಹಾಕಿತು. ಸುಳ್ಳಿಗೆ ಒಂದು ನಿಜವನ್ನು ಹೀಗೆ ಕಾವಲಿಟ್ಟುಬಿಟ್ಟರೆ ಎಲ್ಲಿಂದ ಒಳಗೆ ಹೋಗುವುದು? ಫೋನು ಇಟ್ಟಳು. ಮೆಟ್ಟಿಲಿಳಿದು ಹೋಗುತ್ತಿದ್ದವರು ಯಾರೋ "ಹುಷಾರಾಗಿದೀರಾ ಅಮ್ಮಾ?" ಎಂದು ಕೇಳಿದರು, ತಾನು ಗೋಡೆಗೆ ಹಣೆ ಕೊಟ್ಟು ನಿಂತಿದ್ದೇನೆಂಬುದು ಆಗ ತಿಳಿಯಿತು.

ವಾಪಸು ಬಂದು, ನಾಲ್ಕನೇ ಸಂಚಿಕೆಯ ರಟ್ಟುಗಳ ಕಟ್ಟನ್ನು ಬಿಚ್ಚಿ ಹನ್ನೊಂದನೆಯದನ್ನು ದೀಪದ ಕೆಳಗೆ ಎಳೆದುಕೊಂಡಳು. ಮೂಲ ರಟ್ಟು ಅಚ್ಚಾದ ಪುಟದ ಎರಡರಷ್ಟಿತ್ತು. ಎಡಗಡೆ ಓಣಿಯ ಗೋಡೆ. ನಡುವೆ ಅವಳ ಮುಖ, ಅವಳದೇ, ಮುಂದಿನ ಹಲ್ಲುಗಳ ಸಂದು ಕೂಡ ಬಿಡದೆ, ಬಾಯಿ ಬಾವಿಯಷ್ಟು ತೆರೆದು, ಕಣ್ಣಲ್ಲಿ ನೀರು. ಆ ಸಂಚಿಕೆ ಬಂದ ವಾರ ಕಾಲೇಜಿನ ಹುಡುಗಿಯರು ಅವಳನ್ನು ಕಂಡಾಗಲೆಲ್ಲ ಕೈ ಮೇಲೆತ್ತಿ "ಕಾಪಾಡಿ" ಎನ್ನುತ್ತಿದ್ದರು. ಮೇಲುಗಡೆ ಮೋಡ ಸೀಳಿ ಇಳಿಯುತ್ತಿರುವ ಸಿಡಿಲಾಳು. ಬಲಗಡೆ, ಇಡೀ ಮೂಲೆಯನ್ನು ಆವರಿಸಿ, ಅವಳ ಬಲೂನು. ಅಕ್ಷರದ ಕಪ್ಪು ಕಂದಿತ್ತು. ತಿದ್ದಬೇಕೆಂದು ಎಡಗೈಯಿಂದ ಅಂಚನ್ನು ಒತ್ತಿ ಹಿಡಿದಳಷ್ಟೇ. ಒಣಗಿ ಹೋಗಿದ್ದ ಹಳೆಯ ಗೋಂದು ಹರಳಿನಂತೆ ಪುಡಿಯಾಗಿ, ಬಲೂನು ಹಾಗೇ ಜಾರಿ ಅವಳ ಬೆರಳಿಗೆ ಬಂತು.

ಕೆಳಗೆ ಪತ್ರಿಕೆ ಅಂಗಡಿ ಇತ್ತು. ಪೆನ್ಸಿಲಿನಲ್ಲಿ, ಆದರೆ ಗಡಿಬಿಡಿಯ ಗೀಟುಗಳಲ್ಲ. ಅಣ್ಣ ಮನಸ್ಸಿಟ್ಟು ಬಿಡಿಸಿದಾಗ ಮಾತ್ರ ಬರುವ ತೆಳ್ಳನೆಯ, ಒಮ್ಮೆಯೂ ಕೈ ಎತ್ತದ ಗೆರೆ. ಅಂಗಡಿಯ ಪಕ್ಕದಲ್ಲಿ ಬಿಡಿಸಿ ಹಿಡಿದ ಪತ್ರಿಕೆ, ಅದರ ಹಿಂದೆ ಬಡಕಲು ಭುಜ, ಪತ್ರಿಕೆಯ ಅಂಚಿನ ಮೇಲೆ ಅಣ್ಣನ ದುಂಡು ಕನ್ನಡಕದ ಎರಡು ಕಣ್ಣು. ಆ ಕಣ್ಣುಗಳು ಚಿತ್ರದ ಹುಡುಗಿಯನ್ನೇ ನೋಡುತ್ತಿದ್ದವು. ಹುಡುಗಿಯ ಬಾಯಿಂದ ಒಂದು ಪುಟ್ಟ ಬಲೂನು, ಹೆಬ್ಬೆರಳಿನಷ್ಟು. ಅದರೊಳಗೆ ಅಣ್ಣನ ಸೊಟ್ಟ ಕೈಬರಹದಲ್ಲಿ ಒಂದೇ ಪದ: ಅಣ್ಣಾ.

ಅವಳು ಅದನ್ನು ಎಷ್ಟು ಹೊತ್ತು ನೋಡಿದಳೋ. ಮೊದಲು ಬಂದದ್ದು ಸಿಟ್ಟಲ್ಲ, ಒಂದು ಬಗೆಯ ನಾಚಿಕೆ, ಯಾರೋ ಬಟ್ಟೆ ಬದಲಿಸುತ್ತಿದ್ದ ಕೋಣೆಗೆ ನುಗ್ಗಿದಂತೆ. ಆಮೇಲೆ ಸಿಟ್ಟು ಬಂತು, ನಿಧಾನವಾಗಿ. ಕೇಳಿಸಿತ್ತು. ಅವನಿಗೆ ಕೇಳಿಸಿತ್ತು. ದನಿ ಸಣ್ಣದೇ ಇದ್ದಿರಬಹುದು, ಆದರೆ ಆ ಪುಟ್ಟ ಬಲೂನಿನ ಅಳತೆ ನೋಡಿದರೆ ಅವನಿಗೆ ಅದು ಎಷ್ಟು ಸಣ್ಣಗೆ, ಎಷ್ಟು ಸ್ಪಷ್ಟವಾಗಿ ಕೇಳಿಸಿತ್ತೆಂಬುದೂ ಗೊತ್ತಾಗುತ್ತಿತ್ತು. ಮನೆಗೆ ಬಂದು, ಬಾಗಿಲು ಹಾಕಿಕೊಂಡು, ಇದ್ದದ್ದನ್ನು ಇದ್ದ ಹಾಗೆ ಬಿಡಿಸಿದ್ದಾನೆ. ಆಮೇಲೆ ಅಳತೆಯ ಚೀಟಿ ಬರೆದಿದ್ದಾನೆ, ತಾನು ನಿಂತಿದ್ದ ಜಾಗ ಪೂರ್ತಿ ಮುಚ್ಚುವಷ್ಟು. ಮುಚ್ಚಲು ಅವಳ ಕೈಯ ಅಕ್ಷರವೇ ಬೇಕಾಯಿತು. ಅವಳು ಆಡದ ಮಾತನ್ನು ಅವಳಿಂದಲೇ ಹದಿನಾಲ್ಕು ಸಲ ಬರೆಸಿ, ತನ್ನ ಮುಖದ ಮೇಲೆ ಹೊದ್ದುಕೊಂಡ. ನಲವತ್ತೊಂದು ವರ್ಷ ಅವಳು ಅವನಿಗೆ ಕೊಟ್ಟ ಸಂಶಯದ ಲಾಭವನ್ನು ತನಗೇ ಸಲ್ಲಬೇಕಾದದ್ದೆಂಬಂತೆ ಉಂಡುಟ್ಟು ಬೆಳೆದ. ನೆನಪಿಲ್ಲವಂತೆ ನನಗೆ! ಗಾಬರಿಯಾಗಿದ್ದೆನಂತೆ!

ಬಾಗಿಲು ಸದ್ದಾಯಿತು. ಅವಳು ಬಲೂನನ್ನು ಇದ್ದಲ್ಲೇ ಇಟ್ಟು ಮೇಲೆ ಅಂಗೈ ಊರಿದಳು.

"ಆಯ್ತಾ ಮೇಡಂ?" ಸಂಪಾದಕಿ ಎರಡು ಲೋಟ ಚಹಾ ಹಿಡಿದು ಬಂದಿದ್ದಳು. "ಸಹಿ ಹಾಕಿದ್ರಾ?"

"ಒಂದು ಮಾತು. ಮುನ್ನುಡಿಯ ಎರಡನೇ ಹಾಳೆಯಲ್ಲಿ ಓಣಿಯ ವಿಷಯ ಇದೆಯಲ್ಲ, ಅದನ್ನ ತೆಗೀಬೇಕು."

"ಅದನ್ನಾ?" ಹುಡುಗಿಯ ಮುಖ ಬಿದ್ದುಹೋಯಿತು. "ಮೇಡಂ, ಅದೇ ಅಲ್ವಾ ಜೀವ! ಪತ್ರಿಕೆಗಳಿಗೆ ಕೊಡೋದಕ್ಕೆ ಅದನ್ನೇ ಆರಿಸಿಟ್ಟಿದೀನಿ."

"ಅದು ಸುಳ್ಳು."

"ಸುಳ್ಳು ಅಂದ್ರೆ?"

"ಹಾಗೆ ಆಗಲಿಲ್ಲ ಅಂತ. ಅಲ್ಲಿ ಇದ್ದದ್ದು ನಾನು."

ಹುಡುಗಿ ಲೋಟಗಳನ್ನು ರಟ್ಟುಗಳಿಂದ ದೂರ, ಕಿಟಕಿಯ ಕಟ್ಟೆಯ ಮೇಲಿಟ್ಟಳು. ಮಾತನ್ನು ಹುಡುಕಿ ಹುಡುಕಿ ಜೋಡಿಸಿದಳು. "ಬೇಜಾರು ಮಾಡ್ಕೋಬೇಡಿ. ನೀವಿಬ್ಬರೂ ದೊಡ್ಡವರು. ಇಬ್ಬರಿಗೂ ಒಂದೊಂದು ಥರ ನೆನಪಿದ್ರೆ ನಾವು ಯಾರನ್ನ ನಂಬೋದು ಹೇಳಿ? ಏನಾದ್ರೂ ಒಂದು... ಆಗಿನ ಕಾಗದ, ಪತ್ರ, ಏನಾದ್ರೂ ಇದ್ರೆ ನಾನು ಅವರ ಹತ್ರ ಮಾತಾಡಬಹುದು."

ಅಂಗೈಯ ಕೆಳಗೆ ಕಾಗದ ಬೆಚ್ಚಗಾಗಿತ್ತು. ಕೈ ಎತ್ತಿದರೆ ಸಾಕಿತ್ತು. ಕೈ ಎತ್ತಿದರೆ ಏನಾಗುತ್ತದೆಂದು ಅವಳು ಆ ಕೋಣೆಯಲ್ಲಿ ನಿಂತಲ್ಲೇ ಕೊನೆಯತನಕ ಕಂಡಳು. ಹುಡುಗಿ ಕುಣಿಯುತ್ತಾಳೆ. ಚಿನ್ನ ಎನ್ನುತ್ತಾಳೆ. ಆರು ಬೆರಳಿನ ಕೈಗೇ ಇಡೀ ಪುಟವಾದರೆ ಇದಕ್ಕೆ ಮುಖಪುಟ. ಇಷ್ಟು ವರ್ಷ ಎದೆಯಲ್ಲಿ ಬೆಂಕಿ ಇಟ್ಟುಕೊಂಡು ಬದುಕಿದ ಕಲಾವಿದ. ತನ್ನ ಹೇಡಿತನವನ್ನು ತಾನೇ ಬಿಡಿಸಿ ತಾನೇ ಮುಚ್ಚಿಟ್ಟ ಪ್ರಾಮಾಣಿಕ. ಆ ವಿಮರ್ಶಕ ಇನ್ನೊಂದು ಪುಸ್ತಕ ಬರೆಯುತ್ತಾನೆ. ಅಣ್ಣ ವೇದಿಕೆಯ ಮೇಲೆ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುತ್ತಾನೆ, ಮುಂದಿನ ಸಾಲಿನಲ್ಲಿ ಕೂತ ಅವಳ ಕಡೆ ಕೈ ತೋರಿಸುತ್ತಾನೆ, ಸಭೆ ಎದ್ದು ನಿಂತು ಚಪ್ಪಾಳೆ ತಟ್ಟುತ್ತದೆ. ಓಡಿಬಂದದ್ದಕ್ಕೂ ಅವನಿಗೇ ಮೆಚ್ಚುಗೆ, ಬಾರದೇ ಇದ್ದದ್ದಕ್ಕೂ ಅವನಿಗೇ. ಅವಳು ಆಗಲೂ ಆ ಚಿತ್ರದಲ್ಲಿ ಬಾಯಿ ತೆರೆದುಕೊಂಡು ನಿಂತವಳೇ.

"ಏನೂ ಇಲ್ಲ," ಎಂದಳು. "ನನ್ನ ಮಾತು ಇದೆ. ಆ ಸಾಲು ಇದ್ರೆ ನನ್ನ ಸಹಿ ಇಲ್ಲ."

"ಮೇಡಂ, ದಯವಿಟ್ಟು..."

"ನಾನು ಬರೆದ ಅಕ್ಷರ ಎಲ್ಲ ಕಿತ್ತು ನೀವೇ ಬೇರೆ ಬರೆಸ್ಕೊಳ್ಳಿ. ಹನ್ನೆರಡು ಸಂಚಿಕೆ, ಬಲೂನು ಎರಡು ಸಾವಿರದ ಮೇಲಾಗುತ್ತೆ."

ದನಿ ಏರಿಸಿರಲಿಲ್ಲ. ಆದರೂ ಹುಡುಗಿ ಒಂದು ಹೆಜ್ಜೆ ಹಿಂದೆ ಸರಿದಳು. ಇವಳು ಒಳ್ಳೆಯವಳು, ಇವಳ ಮೇಲೇಕೆ ಕಾರುತ್ತಿದ್ದೇನೆ ಎಂದು ಒಂದು ಕ್ಷಣ ಅನ್ನಿಸಿತು. ಒಳ್ಳೆಯವರ ಎದುರು ಸುಮ್ಮನಿದ್ದೂ ಇದ್ದೂ ತಾನೇ ಇಷ್ಟು ದೂರ ಬಂದದ್ದು ಎಂದೂ ಅನ್ನಿಸಿತು. ಕೈಯನ್ನು ತೆಗೆಯಲಿಲ್ಲ. ಹುಡುಗಿ ಫೋನು ಹಿಡಿದು ಹೊರಗೆ ಹೋದಳು. ಗಾಜಿನ ಆಚೆ ಅವಳು ಯಾರಿಗೋ ತಲೆಯಾಡಿಸುವುದು, ಹಣೆ ಉಜ್ಜಿಕೊಳ್ಳುವುದು ಕಾಣುತ್ತಿತ್ತು. ಹತ್ತು ನಿಮಿಷ ಬಿಟ್ಟು ಬಾಗಿಲಲ್ಲೇ ನಿಂತು ಹೇಳಿದಳು: "ತೆಗೀತೀವಿ. ಅವರಿಗೆ ತುಂಬಾ ನೋವಾಗಿದೆ ಮೇಡಂ." ನಗು ಇರಲಿಲ್ಲ.

"ಹೊಸ ಹಾಳೆ ತನ್ನಿ. ನೋಡಿ ಸಹಿ ಹಾಕ್ತೀನಿ."

ಹುಡುಗಿ ಹೋದ ಮೇಲೆ ಇವಳು ಗೋಂದಿನ ಡಬ್ಬಿ ತೆರೆದಳು. ರಟ್ಟಿನ ಮೇಲಿನ ಹಳೆಯ ಪುಡಿಯನ್ನು ಮೆತ್ತನೆಯ ಕುಂಚದಿಂದ ಗುಡಿಸಿದಳು, ಪೆನ್ಸಿಲಿನ ಗೆರೆಗೆ ತಗಲದ ಹಾಗೆ. ಅಳಿಸಿಹಾಕಬಹುದಿತ್ತು, ರಬ್ಬರು ಕೈಯಳತೆಯಲ್ಲೇ ಇತ್ತು. ಅದಕ್ಕೆ ಮನಸ್ಸು ಬರಲಿಲ್ಲ, ಕರುಣೆಯಿಂದಲ್ಲ. ಅವನು ಅಲ್ಲೇ ಇರಲಿ, ಕಣ್ಣು ಬಿಟ್ಟುಕೊಂಡು. ಬಲೂನಿನ ಬೆನ್ನಿಗೆ ಅಂಚಿನಿಂದ ಅಂಚಿಗೆ ಗೋಂದು ಬಳಿದು, ನಾಲ್ಕೂ ಮೂಲೆ ಕೂಡಿಸಿ ಇಟ್ಟು, ಮೇಲೆ ಹೀರುಗಾಗದ ಹಾಕಿ ಮುಷ್ಟಿಯಿಂದ ಒತ್ತಿದಳು. ಮತ್ತೆ ಒತ್ತಿದಳು. ಮೇಜು ಅಲುಗಾಡಿ ನಿಬ್ಬುಗಳು ಉರುಳಿದವು.

ಫೋನು ಬಂದದ್ದು ಅವಳು ಹೊಸ ಹಾಳೆ ನೋಡಿ, ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಬಸ್ಸಿಗೆ ಕಾಯುತ್ತ ನಿಂತಿದ್ದಾಗ.

"ನಿನಗೆ ಬೇಡ ಅಂದ್ರೆ ಬೇಡ ಬಿಡು," ಎಂದ ಅಣ್ಣ. ದನಿಯಲ್ಲಿ ವೇದಿಕೆ ಇರಲಿಲ್ಲ. ಆಮೇಲೆ ಕೇಳಿದ, ಬಹಳ ಮೆತ್ತಗೆ: "ಹನ್ನೊಂದನೇ ಪುಟ ನೋಡಿದ್ಯಾ?"

"ನೋಡಿದೆ."

"ಆ ದೊಡ್ಡ ಬಲೂನು... ಹಳೇ ಗೋಂದು ಅದು. ಬಿಟ್ಟುಕೊಂಡಿರಬೇಕು ಅನ್ಕೊಂಡೆ."

ಅವಳು ಗಮನವಿಟ್ಟು ಆಲಿಸಿದಳು. ಜನರ ಮಾತಿನೊಳಗಿನ ಮಾತನ್ನು ಆಲಿಸುವುದು ಅವಳಿಗೆ ಹುಟ್ಟಾ ಬಂದ ಚಾಳಿ. ಅಲ್ಲಿ ಹೆದರಿಕೆ ಇತ್ತು. ಹೆದರಿಕೆಗಿಂತ ಹೆಚ್ಚಾಗಿ ಒಂದು ಆಸೆ ಇತ್ತು, ತಲೆ ಸವರಿಸಿಕೊಳ್ಳಲು ಬಗ್ಗಿ ನಿಂತವನ ಆಸೆ. ಪೆಟ್ಟಿಗೆ ತೆಗೆದು ಆ ರಟ್ಟುಗಳನ್ನು ಕೊಟ್ಟದ್ದು ಅವನೇ. ಅಕ್ಷರ ತಿದ್ದಲು ಅವಳೇ ಆಗಬೇಕೆಂದು ಹೇಳಿದ್ದೂ ಅವನೇ ಇರಬಹುದು. ಅವಳು ಆ ಕಾಗದ ಎತ್ತಲಿ, ಎತ್ತಿ ಅಳಲಿ, ಬೈಯಲಿ, ಕೊನೆಗೆ ಹೋಗಲಿ ಬಿಡು ಅಣ್ಣ ಎನ್ನಲಿ ಎಂದು ಕಾದಿದ್ದಾನೆ. ತಾನಾಗಿ ಅವಳಿಗೆ ಹೇಳುವ ಧೈರ್ಯವಂತೂ ಅವನಿಗೆ ಇವತ್ತಿಗೂ ಇಲ್ಲ. ಅವಳೇ ಬಂದು ಅವನನ್ನು ಬಿಡಿಸಬೇಕು.

"ಇಲ್ಲ ಅಣ್ಣ," ಎಂದಳು. "ಭದ್ರವಾಗಿದೆ."

"ಕೆಳಗೆ ಏನೂ..."

"ಭದ್ರವಾಗಿದೆ ಅಂದೆನಲ್ಲ. ಅತ್ತಿಗೆಗೆ ಕೇಳಿದೆ ಅಂತ ಹೇಳು."

ಬಸ್ಸು ಬಂತು. ಕಿಟಕಿಯ ಪಕ್ಕ ಜಾಗ ಸಿಕ್ಕಿತು. ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡಳು. ಪಕ್ಕದಲ್ಲಿ ಕೂತ ಹೆಂಗಸು ಎಲ್ಲಿಯವರು, ಏನು ಕೆಲಸ ಎಂದು ಮಾತಿಗೆಳೆದಳು. ಅಕ್ಷರ ಬರೆಯುತ್ತೇನೆ ಎಂದಳು ಅವಳು. ತಾನು ಇವತ್ತು ಕಂಡದ್ದನ್ನು ಅಣ್ಣನಿಗೆ ಹೇಳುವುದಿಲ್ಲ, ಅತ್ತಿಗೆಗೆ ಹೇಳುವುದಿಲ್ಲ, ಆ ಹುಡುಗಿಗೆ ಹೇಳುವುದಿಲ್ಲ, ಸಾಯುವಾಗ ತಲೆದೆಸೆಯಲ್ಲಿ ಯಾರೇ ಕೂತಿದ್ದರೂ ಅವರಿಗೂ ಹೇಳುವುದಿಲ್ಲ ಎಂದು ಆಗಲೇ ತೀರ್ಮಾನಿಸಿದ್ದಳು.